ಬೀಗದ ಕೈ ಕೇರ್‌ಟೇಕರ್ ಬಳಿ, ಮನೆಯೊಳಗೆ ಅಪರಿಚಿತರು: ಈಗ ಏನು ಮಾಡಬೇಕು?

ಪ್ರಶ್ನೆ: ನಾನೂ ನನ್ನ ಯಜಮಾನರೂ ನಿವೃತ್ತ ಶಿಕ್ಷಕರು. ಮೈಸೂರಿನ ಯಾದವಗಿರಿಯ ಅಪಾರ್ಟ್‌ಮೆಂಟ್ ಒಂದರ ಮೂರನೇ ಮಹಡಿಯಲ್ಲಿ ನಮ್ಮ ಮನೆಯಿದೆ. ಎರಡು ವರ್ಷಗಳಿಂದ ಪುಣೆಯಲ್ಲಿ ಮಗಳ ಜೊತೆ ಇದ್ದೇವೆ. ಆಗಾಗ ಬಾಗಿಲು ಕಿಟಕಿ ತೆರೆದು, ಬಾಲ್ಕನಿಯ ಗಿಡಗಳಿಗೆ ನೀರು ಹಾಕಲೆಂದು ನಮ್ಮ ಕಟ್ಟಡದ ಕೇರ್‌ಟೇಕರ್ ಕೈಗೆ ಒಂದು ಬೀಗದ ಕೈ ಕೊಟ್ಟು, ತಿಂಗಳಿಗೆ ಒಂದಿಷ್ಟು ಹಣ ಕಳುಹಿಸುತ್ತಿದ್ದೆವು. ದಸರಾ ಸಮಯದಲ್ಲಿ ನಮ್ಮ ಮನೆಯಿಂದ ಸೂಟ್‌ಕೇಸ್‌ಗಳ ಸಮೇತ ಒಂದು ಕುಟುಂಬ ಹೊರಬಂದುದನ್ನು ಎದುರು ಮನೆಯವರು ಕಂಡು ಫೋನ್ ಮಾಡಿದರು. ಮಗಳು ಹುಡುಕಿ ನೋಡಿದರೆ ಪ್ರವಾಸಿಗರ ವಸತಿಯ ಆನ್‌ಲೈನ್ ತಾಣವೊಂದರಲ್ಲಿ ನಮ್ಮ ನಡುಮನೆಯ ಫೋಟೊಗಳೇ ಇವೆ! ಅಸೋಸಿಯೇಷನ್‌ನವರು ‘ಬೀಗದ ಕೈ ಕೊಟ್ಟಿದ್ದು ನೀವು, ಅದು ನಿಮ್ಮ ಖಾಸಗಿ ವ್ಯವಹಾರ’ ಎನ್ನುತ್ತಾರೆ. ಯಜಮಾನರಿಗೆ ಎದೆನೋವು ಬಂದ ರಾತ್ರಿ ಆಸ್ಪತ್ರೆಗೆ ಕರೆದೊಯ್ದವನು ಇದೇ ಕೇರ್‌ಟೇಕರ್. ಹಾಗಾಗಿ ಅವರು ಬೈದು ಬಿಟ್ಟುಬಿಡೋಣ ಎನ್ನುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಇನ್ನೂ ಆತನನ್ನು ಏನೂ ಕೇಳಿಲ್ಲ. ಮುಂದೆ ಆತ ತಾನೇ ಬಾಡಿಗೆದಾರ ಎಂದುಬಿಟ್ಟರೆ? ಇದು ಅಪರಾಧವೇ? ಮೊದಲು ಏನು ಮಾಡಬೇಕು?

ಉತ್ತರ: ಇನ್ನೂ ಆತನನ್ನು ಏನೂ ಕೇಳಿಲ್ಲ ಎಂದಿದ್ದೀರಿ. ಒಳ್ಳೆಯದಾಯಿತು. ಇನ್ನೂ ಕೆಲವು ದಿನ ಕೇಳಬೇಡಿ.

ಆತ ಎಷ್ಟು ಸಂಪಾದಿಸಿದ ಎಂಬ ಲೆಕ್ಕವನ್ನು ಸದ್ಯಕ್ಕೆ ಬದಿಗಿಡೋಣ. ನಿಮ್ಮ ಹೆಸರಿನ ಮನೆಯಲ್ಲಿ ಯಾರ್ಯಾರು ರಾತ್ರಿ ಕಳೆದರು, ಅವರ ಗುರುತಿನ ಚೀಟಿಯನ್ನು ಯಾರಾದರೂ ನೋಡಿದರೇ, ಅವರು ಅಲ್ಲಿದ್ದು ಏನು ಮಾಡಿದರು? ಇದಕ್ಕೆ ಕಾಗದದ ಮೇಲೆ ಒಂದು ಸಾಲಿನ ದಾಖಲೆಯೂ ನಿಮ್ಮ ಬಳಿ ಇಲ್ಲ. ನಿಮಗಾಗಿರುವ ನಿಜವಾದ ನಷ್ಟ ಅದು. 2022ರ ನವೆಂಬರ್‌ನಲ್ಲಿ ಮಂಗಳೂರಿನಲ್ಲಿ ಆಟೊರಿಕ್ಷಾದೊಳಗೆ ಕುಕ್ಕರ್ ಸ್ಫೋಟಗೊಂಡಾಗ ತನಿಖೆಯ ಜಾಡು ಮೈಸೂರಿನ ಒಂದು ಬಾಡಿಗೆ ಕೋಣೆಯವರೆಗೆ ಬಂದಿತ್ತು. ಆರೋಪಿ ಬೇರೊಬ್ಬರ ಆಧಾರ್ ತೋರಿಸಿ ಆ ಕೋಣೆ ಹಿಡಿದಿದ್ದ ಎಂದು ಪೊಲೀಸರು ಆಗ ಹೇಳಿದ್ದರು. ಅಲ್ಲಿ ಸುಳ್ಳಾದರೂ ಒಂದು ಗುರುತಿನ ಚೀಟಿ ಇತ್ತು. ನಿಮ್ಮ ಮನೆಯಲ್ಲಿ ತಂಗಿದವರದು ಅದೂ ಇದೆಯೋ ಇಲ್ಲವೋ ತಿಳಿಯದು. ಬಂದವರಲ್ಲಿ ಬಹುಪಾಲು ಅರಮನೆ, ಬೆಟ್ಟ ನೋಡಲು ಬಂದ ಸಂಸಾರಸ್ಥರೇ ಇರಬಹುದು. ಆದರೂ ಒಬ್ಬರ ವಿಷಯದಲ್ಲಿ ಎಡವಟ್ಟಾದರೆ ಪೊಲೀಸರು ಮೊದಲು ತಟ್ಟುವುದು ಮನೆಯ ಖಾತೆಯಲ್ಲಿ ಹೆಸರಿರುವವರ ಬಾಗಿಲನ್ನು. ಆದ್ದರಿಂದ ನೀವು ಈಗ ಇಡುವ ಪ್ರತಿ ಹೆಜ್ಜೆಯೂ ‘ಇದು ನನಗೆ ತಿಳಿಯದೆ ನಡೆಯಿತು, ತಿಳಿದ ಕೂಡಲೇ ತಿಳಿಸಿದೆ’ ಎಂಬುದಕ್ಕೆ ದಾಖಲೆಯಾಗಬೇಕು.

ಮೊದಲು ಬಾಡಿಗೆದಾರಿಕೆಯ ಭಯವನ್ನು ಕಳೆದುಕೊಳ್ಳಿ. ಮನೆ ನೋಡಿಕೊಳ್ಳಲು ಬಿಟ್ಟವನ ಸ್ವಾಧೀನ ಕಾನೂನಿನ ಕಣ್ಣಿನಲ್ಲಿ ಮಾಲೀಕನ ಸ್ವಾಧೀನವೇ. ಕೇರ್‌ಟೇಕರ್, ಕಾವಲುಗಾರ ಅಥವಾ ಮನೆಯಾಳು ಎಷ್ಟೇ ವರ್ಷ ಇದ್ದರೂ ಆ ಆಸ್ತಿಯಲ್ಲಿ ಹಕ್ಕು ಪಡೆಯಲಾರ, ಮಾಲೀಕ ಕೇಳಿದ ತಕ್ಷಣ ಬಿಟ್ಟುಕೊಡಬೇಕು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ, ಗೋವಾದ ಅಣ್ಣ–ತಂಗಿಯ ನಡುವಿನ ಮನೆಯ ವ್ಯಾಜ್ಯವೊಂದರಲ್ಲಿ, ಸ್ಪಷ್ಟವಾಗಿ ಹೇಳಿದೆ. ನಿಮ್ಮ ಕೇರ್‌ಟೇಕರ್ ಆ ಮನೆಯಲ್ಲಿ ವಾಸವೂ ಇಲ್ಲ, ಬಾಡಿಗೆಯೂ ಕೊಟ್ಟಿಲ್ಲ. ತದ್ವಿರುದ್ಧವಾಗಿ ನೀವೇ ಆತನಿಗೆ ತಿಂಗಳು ತಿಂಗಳು ಹಣ ಕಳುಹಿಸಿದ್ದೀರಿ. ಬ್ಯಾಂಕಿನ ಆ ದಾಖಲೆಗಳನ್ನು ತೆಗೆದಿಡಿ, ಆತ ನೀವು ನೇಮಿಸಿದ ಆಳು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇರಿಲ್ಲ. ತಂಗಿದ್ದ ಅತಿಥಿಗಳಿಗೂ ಹಕ್ಕು ಹುಟ್ಟುವುದಿಲ್ಲ. ಒಂದೆರಡು ರಾತ್ರಿಯ ತಂಗುವಿಕೆ ಹೆಚ್ಚೆಂದರೆ 1882ರ ಈಸ್‌ಮೆಂಟ್ಸ್ ಕಾಯ್ದೆಯಲ್ಲಿ ಹೇಳಿರುವ ಪರವಾನಗಿ. ತನಗೇ ಇಲ್ಲದ ಅಧಿಕಾರವನ್ನು ಆತ ಇನ್ನೊಬ್ಬರಿಗೆ ಕೊಡಲಾರ.

ಇನ್ನು ಸಾಕ್ಷ್ಯದ ವಿಷಯ. ಇದರ ಬಗ್ಗೆ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ, ಏಕೆಂದರೆ ಇಂಥ ಪ್ರಕರಣಗಳು ಸಾಮಾನ್ಯವಾಗಿ ಕೆಡುವುದು ಇಲ್ಲಿಯೇ. ವಿಷಯ ತಿಳಿದವರು ಸಿಟ್ಟಿನಲ್ಲಿ ಮೊದಲು ಫೋನ್ ಮಾಡಿ ಬೈಯುತ್ತಾರೆ. ಅರ್ಧ ಗಂಟೆಯಲ್ಲಿ ಜಾಹೀರಾತು ಮಾಯವಾಗುತ್ತದೆ, ವಾಟ್ಸ್‌ಆ್ಯಪ್ ಸಂದೇಶಗಳು ಅಳಿಸಿಹೋಗುತ್ತವೆ. ಆಮೇಲೆ ‘ನಮ್ಮ ಊರಿನ ಕಡೆಯ ನೆಂಟರು ಒಂದು ರಾತ್ರಿ ಇದ್ದರು ಅಷ್ಟೆ’ ಎಂಬ ಕಥೆ ಮಾತ್ರ ಉಳಿಯುತ್ತದೆ.

ಮಗಳಿಗೆ ಇವತ್ತೇ ಹೇಳಿ, ಆ ತಾಣದ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಸ್ಕ್ರೀನ್‌ಶಾಟ್ ತೆಗೆದಿಡಲಿ. ಮೇಲ್ತುದಿಯ ವೆಬ್ ವಿಳಾಸ, ದಿನಾಂಕ, ಸಮಯ ಕಾಣುವಂತಿರಲಿ. ಬರಿಯ ಫೋಟೊಗಳು ಸಾಲದು. ಮನೆ ಕೊಡುವವರೆಂದು ನಮೂದಾಗಿರುವ ಹೆಸರು, ದರ, ಯಾವ ದಿನಗಳು ಭರ್ತಿಯಾಗಿವೆ ಎಂದು ತೋರಿಸುವ ಕ್ಯಾಲೆಂಡರ್, ಎಲ್ಲವೂ ಬೇಕು. ಎಲ್ಲಕ್ಕಿಂತ ಮುಖ್ಯವಾದುದು ತಂಗಿದವರು ಬರೆದಿರುವ ಅಭಿಪ್ರಾಯಗಳು. ‘ಮನೆ ಚೆನ್ನಾಗಿದೆ, ಗೀಸರ್ ನಿಧಾನ’ ಎಂಬಂಥ ಸಾಲಿನ ಪಕ್ಕದಲ್ಲಿ ಒಂದು ಹೆಸರೂ ಒಂದು ತಿಂಗಳೂ ಇರುತ್ತದೆ. ನಿಮ್ಮ ಮನೆಗೆ ಇಲ್ಲದೆ ಹೋದ ಅತಿಥಿಗಳ ರಿಜಿಸ್ಟರ್‌ಗೆ ಸದ್ಯಕ್ಕೆ ಇರುವ ಬದಲಿ ಅದೊಂದೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ವಿದ್ಯುನ್ಮಾನ ದಾಖಲೆಗಳ ಜೊತೆಗೆ ನಿಗದಿತ ನಮೂನೆಯ ಪ್ರಮಾಣಪತ್ರ ಸಲ್ಲಿಸಬೇಕಾಗುತ್ತದೆ. ಆದ್ದರಿಂದ ಯಾವ ಫೋನ್ ಅಥವಾ ಕಂಪ್ಯೂಟರ್‌ನಲ್ಲಿ ತೆಗೆದರೋ ಅದನ್ನು ಮಾರಬೇಡಿ, ಮೂಲ ಕಡತಗಳನ್ನು ಅಳಿಸಬೇಡಿ. ಮಗಳು ಪ್ರವಾಸಿಯ ಸೋಗಿನಲ್ಲಿ ಹಣ ಕಟ್ಟಿ ಬುಕ್ ಮಾಡುವ ಯೋಚನೆಯಲ್ಲಿದ್ದರೆ ಬೇಡ ಎನ್ನಿ. ಅದು ಮುಂದೆ ನಿಮ್ಮ ಮೇಲೆಯೇ ಪ್ರಶ್ನೆ ಎಬ್ಬಿಸುತ್ತದೆ.

ನಂತರ ಸೆಸ್ಕ್‌ನ ವಿದ್ಯುತ್ ಬಿಲ್ಲುಗಳನ್ನು ತೆಗೆಯಿರಿ. ಖಾಲಿ ಮನೆಯ ಮೀಟರ್ ತಿಂಗಳಿಗೆ ಕೆಲವೇ ಯೂನಿಟ್ ಓಡಬೇಕು. ಗೀಸರ್, ಫ್ಯಾನ್, ಫ್ರಿಜ್ ನಡೆದ ತಿಂಗಳುಗಳು ಎದ್ದು ಕಾಣುತ್ತವೆ. ಇಲ್ಲಿ ಒಂದು ಸೂಕ್ಷ್ಮವಿದೆ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ, ಅದರಡಿ ನೋಂದಾಯಿಸಿದ ಮನೆಗಳಿಗೆ 200 ಯೂನಿಟ್‌ಗಳ ಒಳಗೆ, ಹಿಂದಿನ ಸರಾಸರಿಗೆ ತಕ್ಕ ಮಿತಿಯವರೆಗೆ, ಶೂನ್ಯ ಬಿಲ್ ಬರುತ್ತದೆ. ನಿಮ್ಮ ಮೀಟರ್ ನೋಂದಣಿಯಾಗಿದ್ದರೆ ಮೊತ್ತವನ್ನು ನೋಡಿ ‘ಏನೂ ಬಂದಿಲ್ಲ’ ಎಂದು ನೀವು ನಿಶ್ಚಿಂತೆಯಿಂದ ಇದ್ದಿರಬಹುದು. ಮೊತ್ತ ಬಿಡಿ, ಬಳಕೆಯಾದ ಯೂನಿಟ್‌ಗಳ ಸಾಲನ್ನು ನೋಡಿ. ದಸರಾ ತಿಂಗಳು, ಬೇಸಿಗೆ ರಜೆ, ಡಿಸೆಂಬರ್ ಕೊನೆಯ ವಾರ, ಇವು ಏರಿದ್ದರೆ ಕಥೆ ಅಲ್ಲೇ ಇದೆ.

ಮೂರನೆಯದು ಸಿಸಿಟಿವಿ. ಅಪಾರ್ಟ್‌ಮೆಂಟ್‌ಗಳ ರೆಕಾರ್ಡರ್‌ನಲ್ಲಿ ಹಳೆಯ ದೃಶ್ಯಗಳ ಮೇಲೆಯೇ ಹೊಸವು ದಾಖಲಾಗುತ್ತಾ ಹೋಗುತ್ತವೆ, ಕೆಲವು ವಾರಗಳಾದರೆ ಏನೂ ಸಿಗದು. ಅಸೋಸಿಯೇಷನ್ ಕಾರ್ಯದರ್ಶಿಗೆ ಇಮೇಲ್ ಮಾಡಿ, ಗೇಟ್ ಮತ್ತು ಲಿಫ್ಟ್ ಬಳಿಯ ದೃಶ್ಯಗಳನ್ನು, ಸಂದರ್ಶಕರ ಪುಸ್ತಕವನ್ನು ಕಾಯ್ದಿರಿಸುವಂತೆ ಕೋರಿ. ಕಾರಣ ಏನೆಂದು ವಿವರಿಸುವ ಅಗತ್ಯ ಆ ಪತ್ರದಲ್ಲಿಲ್ಲ. ಎದುರು ಮನೆಯವರಿಂದ ಅವರು ಕಂಡದ್ದನ್ನಷ್ಟೇ, ಊಹೆ ಸೇರಿಸದೆ, ಒಂದು ಪುಟ ಬರೆಸಿ ಸಹಿ ಹಾಕಿಸಿಕೊಳ್ಳಿ.

ಇಷ್ಟಾದ ಮೇಲೆ ನಿಮ್ಮಲ್ಲಿ ಒಬ್ಬರು ಮೈಸೂರಿಗೆ ಬರಬೇಕು. ಅಸೋಸಿಯೇಷನ್‌ನ ಒಬ್ಬ ಪದಾಧಿಕಾರಿ ಮತ್ತು ನೆರೆಯವರ ಎದುರಿನಲ್ಲಿ ಬಾಗಿಲು ತೆರೆದು, ಪ್ರತಿ ಕೋಣೆಯ ವಿಡಿಯೊ ಮಾಡಿ, ಬೀಗ ಬದಲಿಸಿ. ಹಾಸಿಗೆಯ ಹೊದಿಕೆ ಹೊಸದಾಗಿರಬಹುದು, ಅಡುಗೆಮನೆಯಲ್ಲಿ ನಿಮ್ಮದಲ್ಲದ ಪಾತ್ರೆ ಇರಬಹುದು, ಕಸದ ಬುಟ್ಟಿಯಲ್ಲಿ ಟಿಕೆಟ್ ಚೂರು ಇರಬಹುದು. ಎಷ್ಟೇ ಅಸಹ್ಯವೆನಿಸಿದರೂ ಗುಡಿಸಿ ತೊಳೆಯಬೇಡಿ, ಪೊಲೀಸರು ನೋಡುವವರೆಗೆ ಹಾಗೆಯೇ ಇರಲಿ. ಅಕಸ್ಮಾತ್ ಆ ಹೊತ್ತಿಗೆ ಯಾರಾದರೂ ಒಳಗಿದ್ದರೆ ಅವರನ್ನು ಕಳ್ಳರಂತೆ ಕಾಣಬೇಡಿ. ಅವರು ಹಣ ಕೊಟ್ಟು, ನಂಬಿ ಬಂದವರು. ನೀವು ಮಾಲೀಕರೆಂದು ತೋರಿಸಿ, ಗುರುತಿನ ಚೀಟಿಯ ಪ್ರತಿ ಮತ್ತು ಪಾವತಿಯ ವಿವರ ಕೇಳಿ, ಬೇರೆ ಕಡೆ ಕೋಣೆ ಹುಡುಕಿಕೊಳ್ಳಲು ಕೆಲವು ಗಂಟೆ ಕೊಡಿ. ಯುಪಿಐ ಮೂಲಕ ಕೇರ್‌ಟೇಕರ್ ಮೊಬೈಲ್ ಸಂಖ್ಯೆಗೇ ಹಣ ಹೋಗಿದ್ದರೆ ಅದು ನಿಮಗೆ ಸಿಗುವ ಅತಿ ಗಟ್ಟಿ ಸಾಕ್ಷ್ಯ. ಹೊರಗಿನಿಂದ ಬೀಗ ಹಾಕುವುದು, ಕರೆಂಟ್ ತೆಗೆಸುವುದು ಬೇಡವೇ ಬೇಡ. ಜಗಳಕ್ಕೆ ತಿರುಗಿದರೆ 112ಕ್ಕೆ ಕರೆ ಮಾಡಿ.

ಇದು ಅಪರಾಧವೇ ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಹೌದು. ಒಂದು ಉದ್ದೇಶಕ್ಕೆಂದು ನಂಬಿ ಒಪ್ಪಿಸಿದ ಆಸ್ತಿಯನ್ನು ಅಪ್ರಾಮಾಣಿಕವಾಗಿ ಬೇರೆ ಬಗೆಯಲ್ಲಿ ಬಳಸಿಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂ ಹೇಳುವ ನಂಬಿಕೆದ್ರೋಹ. ಸಾಮಾನ್ಯ ಸಂದರ್ಭದಲ್ಲಿ ಐದು ವರ್ಷಗಳವರೆಗೆ, ನೌಕರನೇ ಹಾಗೆ ಮಾಡಿದ್ದರೆ ಏಳು ವರ್ಷಗಳವರೆಗೆ ಶಿಕ್ಷೆಗೆ ಅವಕಾಶವಿದೆ. ತಾನೇ ಮಾಲೀಕನೆಂದು ಅತಿಥಿಗಳನ್ನು ನಂಬಿಸಿದ್ದರೆ ಅವರ ಮಟ್ಟಿಗೆ 318ನೇ ಕಲಂನ ವಂಚನೆಯೂ ಆಗುತ್ತದೆ. ಕಲಂಗಳನ್ನು ಆರಿಸುವುದು ಪೊಲೀಸರ ಕೆಲಸ. ನಿಮ್ಮ ದೂರಿನಲ್ಲಿ ನಡೆದದ್ದನ್ನು ದಿನಾಂಕಗಳೊಂದಿಗೆ ಬರೆಯಿರಿ, ಬೀಗದ ಕೈ ಯಾವ ಕೆಲಸಕ್ಕೆಂದು ಕೊಟ್ಟಿರಿ ಎಂಬುದನ್ನು ಮರೆಯದೆ ಸೇರಿಸಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಹಾಗಾಗಿ ಪುಣೆಯಲ್ಲಿಯೂ ಸಾಧ್ಯ. ವಿದ್ಯುನ್ಮಾನ ಮಾರ್ಗದಲ್ಲಿ ಕಳುಹಿಸಿದರೆ ಮೂರು ದಿನಗಳೊಳಗೆ ಸಹಿ ಮಾಡಬೇಕು. ಆದರೂ ನಿಮ್ಮ ಬಡಾವಣೆಯ ಠಾಣೆಗೇ ಖುದ್ದಾಗಿ ಹೋಗುವುದು ಒಳ್ಳೆಯದು, ಮನೆ ನೋಡಬೇಕಾದವರು ಅವರೇ. ಮೂರು ವರ್ಷ ಅಥವಾ ಹೆಚ್ಚು, ಆದರೆ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಎಫ್‌ಐಆರ್‌ಗೆ ಮುನ್ನ 14 ದಿನಗಳ ಪ್ರಾಥಮಿಕ ವಿಚಾರಣೆಗೆ ಅವಕಾಶವಿದೆ, ಆದ್ದರಿಂದ ಅಂದೇ ಎಫ್‌ಐಆರ್ ಆಗದಿದ್ದರೆ ಗಾಬರಿಯಾಗಬೇಡಿ. ಸ್ವೀಕೃತಿ ಅಥವಾ ಹಿಂಬರಹ ಪಡೆಯದೆ ಮಾತ್ರ ಠಾಣೆಯಿಂದ ಹೊರಬರಬೇಡಿ. ದೂರು ತೆಗೆದುಕೊಳ್ಳಲು ನಿರಾಕರಿಸಿದರೆ ಹಿರಿಯ ಅಧಿಕಾರಿಗೆ ಅಂಚೆ ಮೂಲಕ ಕಳುಹಿಸಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು.

ದೂರು ಕೊಟ್ಟ ಮೇಲೆ ಆನ್‌ಲೈನ್ ತಾಣಕ್ಕೆ ಬರೆಯಿರಿ. ಕ್ರಯಪತ್ರ, ಇ–ಖಾತೆ, ತೆರಿಗೆ ರಸೀದಿ ಲಗತ್ತಿಸಿ, ಜಾಹೀರಾತು ತೆಗೆಯಲು ಕುಂದುಕೊರತೆ ಅಧಿಕಾರಿಗೆ ಕೇಳಿ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಅವರು 24 ಗಂಟೆಗಳಲ್ಲಿ ಸ್ವೀಕೃತಿ ನೀಡಬೇಕು, ನಿಗದಿತ ದಿನಗಳಲ್ಲಿ ಇತ್ಯರ್ಥ ಮಾಡಬೇಕು. ತೆಗೆದುಹಾಕಿದ ಮಾಹಿತಿಯನ್ನು ತನಿಖೆಗಾಗಿ 180 ದಿನ ಉಳಿಸಿಕೊಳ್ಳಬೇಕು. ತಂಗಿದವರ ಹೆಸರುಗಳನ್ನು ನಿಮಗೆ ಕೊಡಲಿಕ್ಕಿಲ್ಲ, ಪೊಲೀಸರು ಕೇಳಿದರೆ ಕೊಡಬೇಕಾಗುತ್ತದೆ. ದೂರು ಮೊದಲು, ತಾಣಕ್ಕೆ ಪತ್ರ ಆಮೇಲೆ ಎಂದು ಹೇಳುತ್ತಿರುವುದು ಇದಕ್ಕಾಗಿ. ಇಂಥ ಬಾಡಿಗೆಯೆಲ್ಲ ಆನ್‌ಲೈನ್‌ನಲ್ಲೇ ನಡೆಯುತ್ತದೆ ಎಂದೂ ತಿಳಿಯಬೇಡಿ. ದಸರಾದಲ್ಲಿ ಹೋಟೆಲ್‌ಗಳು ತುಂಬಿದಾಗ ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಬಳಿ ಕೋಣೆ ಹುಡುಕುವವರನ್ನು ಕಮಿಷನ್‌ಗೆ ಕರೆತರುವವರಿದ್ದಾರೆ. ಆ ದಾರಿಯಲ್ಲಿ ಬಂದವರ ಗುರುತು ಸಿಕ್ಕರೆ ಸಿಸಿಟಿವಿಯಲ್ಲಿ ಮಾತ್ರ ಸಿಕ್ಕೀತು.

ಯಾದವಗಿರಿ ಎಂದಿರುವುದರಿಂದ ಒಂದು ಮಾತನ್ನು ಒತ್ತಿ ಹೇಳಬೇಕು. ಪಕ್ಕದ ಒಂಟಿಕೊಪ್ಪಲು, ಗೋಕುಲಂ ಕಡೆ ಯೋಗ ಕಲಿಯಲು ಬರುವ ವಿದೇಶಿಯರು ವಾರಗಟ್ಟಲೆ, ತಿಂಗಳುಗಟ್ಟಲೆ ಮನೆ ಹಿಡಿಯುತ್ತಾರೆ. ವಿದೇಶಿಯರಿಗೆ ತಂಗಲು ಜಾಗ ಕೊಟ್ಟವರು ಅವರು ಬಂದ 24 ಗಂಟೆಗಳೊಳಗೆ, ಸಿ–ಫಾರಂ ಎಂದೇ ರೂಢಿಯಲ್ಲಿರುವ ನಮೂನೆಯ ಮೂಲಕ, ವಿದೇಶಿಯರ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಹೋಟೆಲ್ ಇರಲಿ, ಖಾಸಗಿ ಮನೆ ಇರಲಿ, ಈ ಹೊಣೆ ಒಂದೇ. 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆಯೂ ಜಾರಿಯಲ್ಲಿದೆ. ಜಾಹೀರಾತಿನ ಅಭಿಪ್ರಾಯಗಳಲ್ಲಿ ವಿದೇಶಿ ಹೆಸರು ಒಂದು ಕಂಡರೂ ನಿಮ್ಮ ದೂರಿನಲ್ಲಿ ಅದನ್ನು ಪ್ರತ್ಯೇಕ ಪ್ಯಾರಾದಲ್ಲಿ ಬರೆಯಿರಿ. ನಿಮ್ಮ ಹೆಸರಿನ ವಿಳಾಸದಲ್ಲಿ ಸಿ–ಫಾರಂ ಇಲ್ಲದೆ ವಿದೇಶಿಯರು ಇದ್ದರೆಂಬ ವಿಷಯ ಬೇರೆಯವರಿಂದ ಹೊರಬರುವುದಕ್ಕಿಂತ ನಿಮ್ಮಿಂದಲೇ ಹೊರಬರುವುದು ಎಷ್ಟೋ ಮೇಲು.

ಅಸೋಸಿಯೇಷನ್ ಹೇಳಿದ್ದರಲ್ಲಿ ಅರ್ಧ ಸರಿ ಇದೆ, ಅದನ್ನು ನೀವು ಒಪ್ಪಿಕೊಳ್ಳಬೇಕು. ಪರಿಚಯದ ಬ್ಯಾಂಕ್ ನೌಕರನ ಕೈಗೆ ಸ್ನೇಹದ ಮೇಲೆ ಹಣ ಕೊಟ್ಟು ಮೋಸಹೋದ ಗ್ರಾಹಕರೊಬ್ಬರ ಪ್ರಕರಣದಲ್ಲಿ, ಆತ ಬ್ಯಾಂಕಿನ ಕೆಲಸವಾಗಿ ಆ ಹಣ ಪಡೆದಿರಲಿಲ್ಲ, ಆದ್ದರಿಂದ ಬ್ಯಾಂಕ್ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ತೀರ್ಪು ಕೊಟ್ಟಿತು. ಬೀಗದ ಕೈಯನ್ನು ಅಸೋಸಿಯೇಷನ್ ಕಚೇರಿಯಲ್ಲಿ ಇಡದೆ ಆತನ ಕೈಗೇ ಕೊಟ್ಟಿರುವುದರಿಂದ ಆ ತರ್ಕ ನಿಮಗೂ ಅನ್ವಯಿಸೀತು. ಉಳಿದರ್ಧಕ್ಕೆ ಅವರು ಉತ್ತರಿಸಲೇಬೇಕು. ಗೇಟಿನಲ್ಲಿ ಅಪರಿಚಿತರನ್ನು ಬರೆದುಕೊಳ್ಳದೆ ಬಿಟ್ಟದ್ದು ಯಾರ ಕೆಲಸದ ಲೋಪ? ಕೇರ್‌ಟೇಕರ್ ನೇಮಕವಾಗುವಾಗ ಪೊಲೀಸ್ ಪರಿಶೀಲನೆ ಆಗಿತ್ತೇ? ಏಜೆನ್ಸಿ ಮೂಲಕ ಬಂದಿದ್ದರೆ ಅದಕ್ಕೆ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯಡಿ ಪರವಾನಗಿ ಇದೆಯೇ? ಮೂರನ್ನೂ ಲಿಖಿತವಾಗಿ ಕೇಳಿ, ಸರ್ವಸದಸ್ಯರ ಸಭೆಯಲ್ಲಿ ಇಡಿ. ಬೇರೆ ಊರಿನಲ್ಲಿರುವ ಮಾಲೀಕರ ಮನೆಗಳು ನಿಮ್ಮ ಕಟ್ಟಡದಲ್ಲಿ ಇನ್ನೂ ಇರಬಹುದು. ಆತ ಒಂದೇ ಮನೆ ಬಾಡಿಗೆಗೆ ಕೊಟ್ಟಿದ್ದಾನೆಂದು ಭಾವಿಸಲು ಕಾರಣವಿಲ್ಲ, ಅವರಿಗೆಲ್ಲ ತಿಳಿಯಲಿ.

ನಿಮ್ಮ ಯಜಮಾನರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಎದೆನೋವಿನ ರಾತ್ರಿ ಜೊತೆಗೆ ನಿಂತ ಮನುಷ್ಯನನ್ನು ಠಾಣೆಗೆ ಎಳೆಯಲು ಮನಸ್ಸು ಬಾರದಿರುವುದು ಸಹಜ. ಅವರು ಕ್ಷಮಿಸಲಿ, ಆದರೆ ದೂರಿನ ನಂತರ ಕ್ಷಮಿಸಲಿ. ನಂಬಿಕೆದ್ರೋಹ ನ್ಯಾಯಾಲಯದ ಅನುಮತಿಯೊಂದಿಗೆ ರಾಜಿ ಮಾಡಿಕೊಳ್ಳಬಹುದಾದ ಅಪರಾಧ. ಆತ ತಂಗಿದವರ ಪಟ್ಟಿ ಕೊಟ್ಟು, ತಪ್ಪೊಪ್ಪಿಕೊಂಡರೆ ಮುಂದೆ ಕೈಬಿಡುವ ದಾರಿ ತೆರೆದೇ ಇರುತ್ತದೆ. ದೂರನ್ನೇ ಕೊಡದೆ ಬಿಟ್ಟರೆ, ನಾಳೆ ಯಾವುದೋ ತನಿಖೆಯಲ್ಲಿ ನಿಮ್ಮ ವಿಳಾಸ ಬಂದಾಗ ‘ಗೊತ್ತಿದ್ದೂ ಸುಮ್ಮನಿದ್ದಿರಿ’ ಎಂಬ ಮಾತಿಗೆ ಉತ್ತರವಿರುವುದಿಲ್ಲ. ಆತನ ಬಾಕಿ ಸಂಬಳ ಏನಿದ್ದರೂ ಕೊಟ್ಟುಬಿಡಿ. ಅದನ್ನು ತಡೆಹಿಡಿಯುವುದು, ಅಸೋಸಿಯೇಷನ್ ಕೊಟ್ಟಿರುವ ಕೋಣೆಯಿಂದ ಆತನ ಸಾಮಾನು ಎಸೆಯುವುದು, ಹೆಂಡತಿ ಮಕ್ಕಳನ್ನು ನಿಲ್ಲಿಸಿ ಕೇಳುವುದು, ಇವು ಯಾವುವೂ ಆಗಬಾರದು.

ಹಣದ ಮಾತು ಬಂದಾಗ ತುಂಬಾ ಎಚ್ಚರದಿಂದಿರಿ. ಇಂಥ ವಿಷಯ ಹೊರಬಿದ್ದಾಗ ‘ಬಂದದ್ದರಲ್ಲಿ ನಿಮ್ಮ ಪಾಲು ಕೊಟ್ಟುಬಿಡುತ್ತೇನೆ’ ಎಂಬ ಮಾತು ಬಂದೇ ಬರುತ್ತದೆ. 1872ರ ಒಪ್ಪಂದ ಕಾಯ್ದೆಯ 216ನೇ ಕಲಂ ಪ್ರಕಾರ, ಪ್ರತಿನಿಧಿಯಾದವನು ತನ್ನನ್ನು ನೇಮಿಸಿದವರಿಗೆ ತಿಳಿಸದೆ ಅವರ ವ್ಯವಹಾರವನ್ನು ಸ್ವಂತ ಲಾಭಕ್ಕೆ ನಡೆಸಿದರೆ ಆ ಲಾಭವನ್ನು ಅವರು ಕೇಳಬಹುದು. ಆದರೆ ಅದೇ ಕಾಯ್ದೆಯ 196 ಮತ್ತು 197ನೇ ಕಲಂಗಳು ಇನ್ನೊಂದು ಮಾತು ಹೇಳುತ್ತವೆ: ಅನುಮತಿಯಿಲ್ಲದೆ ಮಾಡಿದ ಕೆಲಸವನ್ನು ನೀವು ಆಮೇಲೆ ಒಪ್ಪಿಕೊಂಡರೆ, ಮೊದಲಿನಿಂದಲೇ ಅನುಮತಿ ಇದ್ದಂತೆ ಆಗುತ್ತದೆ, ಮತ್ತು ಆ ಒಪ್ಪಿಗೆ ಬಾಯಲ್ಲಿ ಹೇಳದೆ ನಡವಳಿಕೆಯಿಂದಲೂ ಆಗಬಹುದು. ‘ಬಾಡಿಗೆಯ ಪಾಲು’ ಎಂದು ನೀವು ಫೋನಿನಲ್ಲಿ ಹತ್ತು ಸಾವಿರ ರೂಪಾಯಿ ಹಾಕಿಸಿಕೊಂಡರೆ ನಂಬಿಕೆದ್ರೋಹದ ದೂರು ಅಲ್ಲಿಗೇ ಸೊರಗುತ್ತದೆ. ಸಿ–ಫಾರಂ, ಗುರುತಿನ ಚೀಟಿಯ ಹೊಣೆ ನಿಮ್ಮ ಕಡೆಗೆ ವಾಲುತ್ತದೆ. ಏನಾದರೂ ಪಡೆಯುವುದಿದ್ದರೆ ವಕೀಲರ ಮೂಲಕ, ಲಿಖಿತ ಒಪ್ಪಂದದಲ್ಲಿ, ‘ಅನಧಿಕೃತ ಬಳಕೆಗೆ ನಷ್ಟ ಪರಿಹಾರ’ ಎಂದೇ ಬರೆಸಿ ಪಡೆಯಿರಿ. ಅಲ್ಲಿಯವರೆಗೆ ಆತನಿಂದ ಒಂದು ರೂಪಾಯಿಯೂ ನಿಮ್ಮ ಖಾತೆಗೆ ಬರುವುದು ಬೇಡ. ಆತನಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ಪತ್ರ ಹೋಗಲಿ: ಬೀಗದ ಕೈ ಹಿಂದಿರುಗಿಸಬೇಕು, ಮನೆಗೆ ಪ್ರವೇಶದ ಅನುಮತಿ ಇಂದಿನಿಂದ ಇಲ್ಲ, ಈವರೆಗಿನ ಯಾವ ಬಾಡಿಗೆಗೂ ನಮ್ಮ ಒಪ್ಪಿಗೆ ಇರಲಿಲ್ಲ. ಮೂರು ಸಾಲು ಸಾಕು.

ಇನ್ನು ಮುಂದೆ ಬೀಗದ ಕೈಯನ್ನು ನೀವು ನಂಬುವ ನೆರೆಯವರ ಬಳಿ, ಅಂಟಿಸಿ ಅಡ್ಡ ಸಹಿ ಹಾಕಿದ ಲಕೋಟೆಯಲ್ಲಿ ಇಡಿ. ತೆರೆದವರು ದಿನಾಂಕ ಬರೆಯಲಿ. ತಿಂಗಳಿಗೊಮ್ಮೆ ಮೀಟರ್‌ನ ಫೋಟೊ ತರಿಸಿಕೊಳ್ಳಿ. ಸುಮ್ಮನೆ ಮುಚ್ಚಿಡುವ ಬದಲು ನಾವೇ ದಿನಬಾಡಿಗೆಗೆ ಕೊಟ್ಟರೆ ಏನು ಎಂಬ ಯೋಚನೆ ನಿಮಗೂ ಬಂದೀತು. ನಿಮ್ಮ ಕಟ್ಟಡದ ಘೋಷಣಾ ಪತ್ರ ಮತ್ತು ಬೈಲಾದಲ್ಲಿ ವಾಸಕ್ಕೆ ಮಾತ್ರ ಎಂದಿದ್ದರೆ ಅದು ನಿಮಗೂ ಕಷ್ಟ. ಹೋಂಸ್ಟೇ ಎಂಬ ಪರಿಕಲ್ಪನೆ ಇರುವುದೇ ಮಾಲೀಕರು ತಾವೂ ಅಲ್ಲೇ ವಾಸವಿದ್ದು ಅತಿಥಿಗಳನ್ನು ಇಟ್ಟುಕೊಳ್ಳುವ ಮನೆಗಳಿಗೆ. ಪುಣೆಯಲ್ಲಿ ಕುಳಿತು ಅದನ್ನು ನಡೆಸಲು ಮತ್ತೆ ಇನ್ನೊಬ್ಬರ ಕೈಗೆ ಬೀಗದ ಕೈ ಕೊಡಬೇಕಾಗುತ್ತದೆ. ಪೊಲೀಸರು ಮನೆ ನೋಡಿ ಮುಗಿಸಿದ ಮೇಲೆ, ಹನ್ನೊಂದು ತಿಂಗಳ ಕರಾರು ಮಾಡಿ, ಪೊಲೀಸ್ ಪರಿಶೀಲನೆ ಮಾಡಿಸಿ, ಒಂದು ಸಂಸಾರಕ್ಕೆ ಬಾಡಿಗೆಗೆ ಕೊಡಿ. ನಿಮ್ಮ ಬಟ್ಟೆಬರೆ, ಪುಸ್ತಕಗಳಿಗೆ ಒಂದು ಕೋಣೆ ಬೇಕೆನಿಸಿದರೆ ಅದನ್ನು ಬಿಟ್ಟು ಉಳಿದ ಭಾಗವನ್ನು ಕೊಡುತ್ತಿರುವುದಾಗಿ ಕರಾರಿನಲ್ಲಿಯೇ ಬರೆಸಬಹುದು.